ಕಿವಿಗೊಟ್ಟು

ಜೂನ್ ಒಂದಕ್ಕೆ ಬೋಟುಗಳೆಲ್ಲ ಮಲ್ಪೆ ದಕ್ಕೆಯಲ್ಲಿ
ಒಂದಕ್ಕೊಂದು ಒರಗಿ ನಿಂತವು.
ಐಸ್ ಪ್ಲಾಂಟಿನ ಬಾಗಿಲು ಅರ್ಧ ಇಳಿಯಿತು.
ಇನ್ನೆರಡು ತಿಂಗಳು ಪಿಕಪ್ಪಿಗೆ ಬಾಡಿಗೆ ಇಲ್ಲ,
ಹೊಟ್ಟೆ ಬಿಚ್ಚಬಹುದು ಎಂದರು ಅಪ್ಪ,
ಯಾರದೋ ಆಪರೇಶನ್ನಿಗೆ ತಾರೀಕು ಕೊಟ್ಟ ಹಾಗೆ.

ಇಪ್ಪತ್ತೆರಡು ವರ್ಷದ ಗಾಡಿ.
ಹಣೆಯ ಮೇಲೆ ‘ಶ್ರೀ ಬೊಬ್ಬರ್ಯ ಪ್ರಸಾದ’,
ಅದರಲ್ಲಿ ಪ್ರಸಾದ ಅಳಿಸಿಹೋಗಿ ವರ್ಷವಾಯಿತು.
ಮೀನಿನ ನೀರು ನೆಲದ ತಗಡನ್ನು ಎಷ್ಟು ತಿಂದಿತ್ತೆಂದರೆ
ಕ್ಲೀನರಿನ ಸೀಟಲ್ಲಿ ಕೂತರೆ
ಕಾಲಡಿಗೇ ಹೈವೇ ಓಡುವುದು ಕಾಣುತ್ತಿತ್ತು.
ಸಣ್ಣವಳಿರುವಾಗ ಆ ತೂತಿಗೆ ನೆಲಗಡಲೆಯ ಸಿಪ್ಪೆ ಹಾಕುತ್ತಿದ್ದೆ,
ಪಡುಬಿದ್ರಿಯಿಂದ ಮೂಲ್ಕಿಯವರೆಗೆ.

ಹೊಸ ತಗಡು ಮೋನಾಕನ ಗುಜರಿಯಿಂದ ಬಂತು:
ಯಾವುದೋ ಶಾಲೆಯ ಬಸ್ಸಿನ ಬದಿ, ಹಳದಿ,
‘ಕನ್ನಡ ಮಾಧ್ಯಮ ಶಾ’ ಎಂಬಲ್ಲಿಗೆ ತುಂಡಾದದ್ದು.
ವೆಲ್ಡ್ ಮಾಡಿಸಿದೆವು. ಪೇಂಟಿಗೆ ದುಡ್ಡು ಸಾಲಲಿಲ್ಲ.
ಅಕ್ಷರ ಮೆಟ್ಟಬಾರದೆಂದು
ಅಮ್ಮ ಅದರ ಮೇಲೊಂದು ಗೋಣಿ ಹಾಸಿದಳು.

ಟಾರ್ಪಾಲಿನ ಅಡಿಯಲ್ಲಿ ಗಾಡಿ, ಗಾಡಿಯ ಅಡಿಯಲ್ಲಿ ಅಪ್ಪ.
ಕೈ ಮಾತ್ರ ಹೊರಗೆ ಚಾಚುತ್ತದೆ,
ಬೆರಳು ಎಷ್ಟು ಅಗಲಿಸಿದೆ ನೋಡಿ ಪಾನ ಕೊಡಬೇಕು.
ಹನ್ನೆರಡು. ಹದಿನಾಲ್ಕು.
ತಪ್ಪಿದರೆ ಆ ಕೈ ಪಾನ ಹಿಡಿಯದೆ ಹಾಗೆಯೇ ನಿಲ್ಲುತ್ತದೆ,
ಬೈಗುಳವಿಲ್ಲ.
ಕೇಳಿದರೆ ಉತ್ತರವೂ ಇಲ್ಲ.

ಗಾಡಿ ಕೊಳ್ಳುವ ಮೊದಲು ಹದಿನೆಂಟು ವರ್ಷ
ಬೋಟಿನ ಇಂಜಿನಿನ ಪಕ್ಕ ಮಲಗಿದ ಕಿವಿ.
ಬಲದ್ದು ಪೂರ್ತಿ ಹೋಗಿದೆ, ಎಡದ್ದು ಮನಸ್ಸು ಬಂದರೆ.
ಡಾಕ್ಟರು ಕೊಟ್ಟ ಮೆಶಿನ್ನು ದೇವರ ಸ್ಟ್ಯಾಂಡಿನಲ್ಲಿ ಉಂಟು, ಡಬ್ಬಿಯೊಳಗೆ.
‘ಅದರಲ್ಲಿ ಎಲ್ಲ ಕೇಳ್ತದೆ ಮಾರಾಯ್ತಿ, ಬೇಕಾದ್ದೊಂದು ಬಿಟ್ಟು.’

ಉದ್ದದ ಸ್ಕ್ರೂಡ್ರೈವರಿನ ತುದಿ ಇಂಜಿನಿನ ಎದೆಗೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ.
ಆ ಬೆಳಿಗ್ಗೆ ಅಪ್ಪ ಅದನ್ನು ಎಲುಬಿಗಿಟ್ಟರು, ಹಲ್ಲಿಗಿಟ್ಟರು,
ಬಹಳ ಹೊತ್ತು ಬಗ್ಗಿ ನಿಂತರು.
ಆಮೇಲೆ ಹಿಡಿಯನ್ನು ಲುಂಗಿಯಲ್ಲಿ ಒರಸಿ
ನನಗೆ ಕೊಟ್ಟರು.
‘ಎಂತ ಹೇಳ್ತದೆ?’

ಟಕ್ ಟಕ್ ಅಂದೆ, ದೊಡ್ಡ ಸ್ವರದಲ್ಲಿ.
‘ಯಾವ ಟಕ್? ಗಡಿಯಾರದ್ದಾ, ಹಲ್ಲಿಯದ್ದಾ,
ನಿನ್ನ ಅಮ್ಮ ಬಂಗುಡೆಯ ತಲೆ ತೆಗೆಯುವಾಗಿನದ್ದಾ?’

ಅಷ್ಟು ಮಾತು ನನ್ನಲ್ಲಿ ಇರಲಿಲ್ಲ.
ಜುಲೈ ಇಡೀ ಹುಡುಕಿದೆ.
ಒಂದನೆಯದರಲ್ಲಿ ಬೀಡಿಯ ಎಲೆ ಕತ್ತರಿಸುವ ಸದ್ದು,
ಪಂಪಿನಲ್ಲಿ ದೂರದ ಒಗೆಯುವ ಕಲ್ಲು,
ಫ್ಯಾನ್ ಬೆಲ್ಟು, ಮೀನು ಕಂಡ ಬೆಕ್ಕು.
ಅಪ್ಪ ನಕ್ಕು, ಇಂಜಿನ್ ನಿಲ್ಲಿಸಿ,
ಟ್ಯಾಪೆಟ್ಟಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವರು.
‘ಈಗ?’

ಕೆಳಗೆ, ತೀರ ಕೆಳಗೆ, ಇನ್ನೊಂದು ಸದ್ದಿತ್ತು:
ಮಲಗಿದವರನ್ನು ಎಬ್ಬಿಸಲೋ ಬೇಡವೋ ಎಂದು
ಯಾರೋ ಮುಷ್ಟಿಯಲ್ಲಿ ಮೆಲ್ಲ ಬಾಗಿಲು ತಟ್ಟಿದ ಹಾಗೆ.
ಬೇರಿಂಗು. ಗೊತ್ತಾಯಿತು.
ಅದರ ರೇಟೂ ಗೊತ್ತಿತ್ತು,
ಅಮ್ಮನ ಕಿವಿಯ ಬೆಂಡೋಲೆಯ ತೂಕವೂ.

‘ಬೇರೆ ಎಂತಾದರೂ?’
ಇಲ್ಲ, ಎಂದು ತಲೆಯಾಡಿಸಿದೆ.

ಕಿವಿ ಹೋದವರು ಮುಖ ಓದುವಷ್ಟು
ಯಾರೂ ಓದುವುದಿಲ್ಲ.
ಅಪ್ಪ ಮತ್ತೆ ಗಾಡಿಯಡಿಗೆ ಜಾರಿದರು,
ಆಯಿಲ್ ಸಂಪಿಗೆ ಅಂಗೈ ಒತ್ತಿ,
ಜ್ವರ ನೋಡಿದ ಹಾಗೆ, ಸುಡುವವರೆಗೆ.
‘ಬರುವ ವರ್ಷಕ್ಕೆ’ ಎಂದರು.
ನನಗೋ, ಅದಕ್ಕೋ.

ಆಗಸ್ಟ್ ಒಂದು. ಬೆಳಗಿನ ಜಾವ ನಾಲ್ಕು.
ಬಾನೆಟ್ಟಿನ ಮೇಲೆ ಚಾದ ಗ್ಲಾಸು.
ಚಾವಿ ತಿರುಗಿಸಿದ್ದು ನಾನು.
ಒಮ್ಮೆ ಕೆಮ್ಮಿತು, ಎರಡನೆಯ ಸಲ ಹಿಡಿಯಿತು.
ಅಪ್ಪ ಚಾವನ್ನೇ ನೋಡುತ್ತಿದ್ದರು:
ಕೆನೆಯ ಮೇಲೆ ಸಣ್ಣ ಸಣ್ಣ ಉಂಗುರ,
ಒಂದರ ಹಿಂದೊಂದು, ಸಮ.
‘ಹದ ಉಂಟು’ ಎಂದು ಎತ್ತಿ ಕುಡಿದರು.

ಹಾರ್ನ್ ಇನ್ನೂ ಸರಿಯಾಗಲಿಲ್ಲ.
ಕಲ್ಮಾಡಿಯ ತಿರುವಿನಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ
ಈಗ ನಾನೇ ಕೂಗುತ್ತೇನೆ.