ಕಾರಣ ಎಂಬ ಕಾಲಂ

ನಸುಕಿನ ನಾಲ್ಕೂವರೆ. ಸೊನ್ನೆಯ ಕೆಳಗೆ ಮೂವತ್ತೆರಡು.
ಉಲಾನ್‌ಬಾತರ್‌ನ ಈ ಟ್ರಾಲಿಬಸ್ ಡಿಪೋದಲ್ಲಿ
ಎಲ್ಲರಿಗಿಂತ ಮೊದಲು ಏಳುವುದು ಕಲ್ಲಿದ್ದಲ ಹೊಗೆ,
ಆಮೇಲೆ ನಾನು.

ಗಾಜಿನ ಗೂಡಿನ ಕಿಂಡಿ ತೆರೆದು ಕೊಳವೆ ಚಾಚುತ್ತೇನೆ. ಊದು.
ಮೀಸೆಯ ಮೇಲೆ ಹಿಮ ಕಟ್ಟಿದ ಗಂಡಸರು
ಪೀಪಿ ಕೊಂಡ ಮಕ್ಕಳಂತೆ ಕೆನ್ನೆ ಉಬ್ಬಿಸಿ ಊದುತ್ತಾರೆ.
ಸೊನ್ನೆ ತೋರಿದರೆ ಕೀಲಿಕೈ, ಸಹಿ, ಮುಂದಿನವರು.
ಹತ್ತೊಂಬತ್ತು ಉಸಿರು ನನಗೆ ಬಾಯಿಪಾಠ:
ಯಾರ ಮನೆಯಲ್ಲಿ ರಾತ್ರಿ ಕುರಿಮಾಂಸ, ಯಾರಲ್ಲಿ ಬರೀ ಚಹಾ,
ಯಾರು ಹೆಂಡತಿಯೊಡನೆ ಮಾತು ಬಿಟ್ಟು
ಮತ್ತೆ ಸಿಗರೇಟಿನೊಡನೆ ಮಾತಿಗೆ ಕೂತಿದ್ದಾರೆ.

ಹನ್ನೊಂದು ವರ್ಷ ನಾನೂ ಆ ಸಾಲಿನಲ್ಲಿ ನಿಂತವಳೇ,
ನಾಲ್ಕನೇ ನಂಬರಿನ ಗಾಡಿ ಓಡಿಸಿದವಳು.
ಆಗ ಅಕ್ಕ ಅನ್ನುತ್ತಿದ್ದರು. ಈಗ ಏನೂ ಅನ್ನುವುದಿಲ್ಲ.
ಗಾಜಿನ ಈಚೆ ಬೆಚ್ಚಗಿದೆ;
ಆ ಬೆಚ್ಚಗಿರುವುದೊಂದನ್ನು ಅವರಿನ್ನೂ ಕ್ಷಮಿಸಿಲ್ಲ.

ದಿನಚರಿಯ ಪುಸ್ತಕದಲ್ಲಿ ಏಳು ಕಾಲಂ.
ಗಾಡಿ, ಚಾಲಕ, ಹೊರಟದ್ದು, ಬಂದದ್ದು, ತಡ, ದಂಡ,
ಕೊನೆಗೆ, ಹೆಬ್ಬೆರಳಿನಷ್ಟು ಅಗಲದ್ದು, ಕಾರಣ.
ಈ ಗೆರೆಗಳನ್ನು ಎಳೆದವನು ಯಾವತ್ತೂ ತಡವಾಗಿ ಬಂದವನಲ್ಲ.

ನಿನ್ನೆ ತುವ್ಶಿನ್ ಹನ್ನೊಂದು ನಿಮಿಷ ತಡ.
ರೈಲು ನಿಲ್ದಾಣದ ತಿರುವಿನಲ್ಲಿ ತಂತಿಯಿಂದ ಕೋಲು ಜಾರಿತು.
ಟ್ರಾಲಿಬಸ್ಸಿಗೆ ಮುಂದಿನ ಗಾಡಿಯನ್ನು ದಾಟುವ ಯೋಗವಿಲ್ಲ,
ತಂತಿ ಬಿಟ್ಟರೆ ಅದು ಬರೀ ತಗಡಿನ ಕೋಣೆ;
ಒಬ್ಬ ನಿಂತ, ಬೆನ್ನಿಗೆ ಬಂದವರೆಲ್ಲ ನಿಂತರು,
ಒಳಗೆ ಶಾಲೆಯ ಮಕ್ಕಳು ಕಿಟಕಿಯ ಹಿಮದ ಮೇಲೆ ಕುದುರೆ ಬರೆದರು,
ಒಬ್ಬ ಹೆಂಗಸು ಫೋನು ಮಾಡಿ ನನ್ನ ವಂಶವನ್ನೆಲ್ಲ ಜಾಲಾಡಿದಳು.
"ಹನ್ನೊಂದು ನಿಮಿಷ ಯಾಕಯ್ಯ?"
ಅವನು ಮಾತಾಡಲಿಲ್ಲ. ಅಂಗೈ ತೋರಿಸಿದ.
ಬರಿಗೈಯಲ್ಲಿ ಹಗ್ಗ ಎಳೆದಿದ್ದ,
ಚರ್ಮ ಹಗ್ಗದ ಪಾಲಾಗಿತ್ತು.

ದಂಡ ಹದಿನೈದು ಸಾವಿರ ತುಗ್ರಿಕ್. ಬರೆಯುವ ಕೈ ನನ್ನದು.
ಕಾರಣ: ಕೈಗವಸು ಇಲ್ಲ, ಎಂದು ಶುರು ಮಾಡಿದೆ,
ಕಾಲಂ ಮುಗಿಯಿತು, ನಾನು ಮುಗಿಸಲಿಲ್ಲ,
ಗೆರೆ ದಾಟಿ, ಅಂಚು ದಾಟಿ, ಪುಟ ತಿರುಗಿಸಿ:
ಕೇಳಿದ್ದು ಅಕ್ಟೋಬರ್ ಒಂಬತ್ತಕ್ಕೆ. ಮತ್ತೆ ಇಪ್ಪತ್ತೆರಡಕ್ಕೆ.
ಮೂರನೆಯ ಸಲ ಕೇಳದೆ ಸುಮ್ಮನಿದ್ದವಳು ನರ್ಮಂದಾಖ್,
ಮೇಲ್ವಿಚಾರಕಿ. ದಂಡ ಅವಳ ಸಂಬಳದಲ್ಲಿ ಹಿಡಿಯುವುದು.
ಮೇಲಿನ ಆಫೀಸಿನಿಂದ ಕರೆ: "ಪುಸ್ತಕ ಕೊಳೆ ಮಾಡಬೇಡಿ,
ಕಾರಣ ಒಂದೇ ಪದದಲ್ಲಿರಲಿ."

ಇವತ್ತು, ಸಾಲಿನ ಕೊನೆಯಲ್ಲಿ, ಲೋದೊಯ್.
ಕಣ್ಣು ಮುಚ್ಚಿ, ಸ್ಟೀರಿಂಗಿನ ನಡುಕದಲ್ಲೇ ತಂತಿಯನ್ನು ಅರಿಯುವುದು
ನನಗೆ ಕಲಿಸಿದವರು. ನಿವೃತ್ತಿಗೆ ಏಳು ವಾರ.
ಮೆಲ್ಲಗೆ ಊದಿದರು, ದೀಪ ಆರದಿರಲಿ ಎನ್ನುವವರ ಹಾಗೆ.
"ಪೂರ್ತಿ ಊದಿ" ಎಂದೆ.
ಸೊನ್ನೆ ಪಾಯಿಂಟ್ ಒಂದು ನಾಲ್ಕು.
"ನಿನ್ನೆ ತಮ್ಮನನ್ನು ಮಣ್ಣು ಮಾಡಿದೆವು, ಮಗಳೇ."
ಗೊತ್ತಿತ್ತು. ರಜೆ ಹಾಕಿ ಅಂದಿದ್ದೆ. ಹಾಕಲಿಲ್ಲ.
ಅಂಗಳದಲ್ಲಿ ಹದಿನೆಂಟು ಜನ
ಹೊರಡುವುದು ಬಿಟ್ಟು ನೋಡುತ್ತ ನಿಂತರು.
ನಾಲ್ಕನೇ ನಂಬರಿನ ಕೀಲಿಕೈ ಮೊಳೆಯಲ್ಲೇ ಉಳಿಯಿತು.

ಐದೂ ಹತ್ತರ ಗಾಡಿ ಹೊರಡಲಿಲ್ಲ.
ಅದಕ್ಕಾಗಿ ಕತ್ತಲಲ್ಲಿ ಕಾಲು ಕುಟ್ಟುತ್ತ ನಿಂತವರಿದ್ದಾರೆ,
ಆಸ್ಪತ್ರೆ ಗುಡಿಸುವವರು, ಬೇಕರಿಯವರು;
ಅವರ ಬೈಗುಳ ಆರಕ್ಕೆ ಬರುತ್ತದೆ, ಬರಲಿ.
ಕಾರಣದ ಕಾಲಂನಲ್ಲಿ ೦.೧೪ ಎಂದು ಬರೆದೆ.
ಸರಿಯಾಗಿ ಹಿಡಿಸಿತು. ಇನ್ನೂ ಜಾಗ ಮಿಕ್ಕಿತು.

ಫ್ಲಾಸ್ಕಿನ ಮುಚ್ಚಳಕ್ಕೆ ಉಪ್ಪು ಹಾಕಿದ ಹಾಲಿನ ಚಹಾ ಬಗ್ಗಿಸಿ
ಅದೇ ಕಿಂಡಿಯಿಂದ ಚಾಚಿದೆ, ಹಿರಿಯರಿಗೆ ಕೊಡುವ ಹಾಗೆ,
ಬಲಗೈಯಲ್ಲಿ, ಎಡಗೈಯನ್ನು ಮೊಣಕೈಗೆ ತಾಗಿಸಿ.
ತೆಗೆದುಕೊಂಡರು. ಕುಡಿಯಲಿಲ್ಲ.
ಚೆಲ್ಲಲೂ ಇಲ್ಲ.