ಕೂಡುವಲ್ಲಿ ಕಳೆದದ್ದು

ಸ್ಟ್ರಾಮ್ನೆಸ್ಸಿನ ಓಣಿಯಲ್ಲಿ, ತಿಮಿಂಗಿಲದೆಣ್ಣೆಯ ದೀಪದ ಕೆಳಗೆ
ಬಾರ್ಬರಾ ಇಸ್ಬಿಸ್ಟರ್ ನಮಗೆ ಚಂದ್ರನನ್ನು ಕಲಿಸುತ್ತಿದ್ದಳು,
ವಾರಕ್ಕೆ ಆರು ಪೆನ್ನಿ, ಇಲ್ಲವೇ ಒಲೆಗೊಂದು ಬುಟ್ಟಿ ಪೀಟು.

"ಹಡಗಿನ ಗಡಿಯಾರ ಒದ್ದೆಯಾಗುತ್ತದೆ. ಕುಡುಕ ಕಪ್ತಾನ
ಕೀಲಿ ಕೊಡಲು ಮರೆಯುತ್ತಾನೆ.
ಅದಕ್ಕೆ ಯಾರೂ ಕೀಲಿ ಕೊಡಬೇಕಿಲ್ಲ,"
ಎಂದು ಕಿಟಕಿಯತ್ತ ಗದ್ದ ಎತ್ತಿದಳು.
ಅಲ್ಲಿ ಮೋಡ. ಎರಡು ವಾರ ಬರೀ ಮೋಡ.
ನಾವು ಕೋಷ್ಟಕ ಉರುಹೊಡೆದೆವು.

ಫೆಬ್ರವರಿಯ ಒಂದು ರಾತ್ರಿ ಬಯಲಾಯಿತು ಆಕಾಶ.
ಕಟ್ಟೆಯ ಮೇಲೆ ಮೂವರು:
ಚಂದ್ರನ ಎತ್ತರ ಫ್ಲೆಟ್‌ಗೆ,
ಆಗಷ್ಟೇ ಸಮುದ್ರ ಬಿಟ್ಟೆದ್ದ ಮಘೆಯ ಎತ್ತರ ಹೆಡಲ್‌ಗೆ,
ನಡುವಿನ ದೂರ ನನ್ನ ಪಾಲಿಗೆ.
ಸೆಕ್ಸ್ಟಂಟನ್ನು ಓರೆಯಾಗಿ ಹಿಡಿದು, ಕನ್ನಡಿ ಹೊರಳಿಸಿ
ಆ ಬಿಳಿ ಚುಕ್ಕೆಯನ್ನು ಎಳೆದು ತಂದೆ ಚಂದ್ರನ ಅಂಚಿಗೆ.
ತಾಗಬೇಕು, ಒತ್ತಬಾರದು,
ಬಿಸಿ ಹಾಲಿಗೆ ತುಟಿ ತಾಗಿಸುವ ಹಾಗೆ.
"ಕೂದಲೆಳೆ ತಪ್ಪಿದರೆ ಹದಿನೈದು ಮೈಲಿ," ಹಿಂದಿನಿಂದ ಆಕೆ.
"ಈಗ!" ಎಂದೆ.
ಮೂರು ಉಸಿರು ಒಟ್ಟಿಗೆ ನಿಂತವು.

ಆಮೇಲೆ ಲೆಕ್ಕ.
ಗಾಳಿ ನಕ್ಷತ್ರವನ್ನು ಎತ್ತಿ ತೋರಿಸುತ್ತದೆ.
ಹತ್ತಿರದ ಚಂದ್ರ ಇರುವುದಕ್ಕಿಂತ ಕೆಳಗೆ ಕಾಣುತ್ತಾನೆ,
ನಾವು ನಿಂತದ್ದು ಭೂಮಿಯ ಸಿಪ್ಪೆಯ ಮೇಲೆ, ಅದಕ್ಕೆ.
ಎರಡೂ ಸುಳ್ಳು ತೊಳೆದು, ಯಾರೂ ನಿಲ್ಲಲಾಗದ
ಭೂಮಿಯ ನಟ್ಟನಡುವಿನಿಂದ ನೋಡಬೇಕು.
ಆಗ ಸಿಕ್ಕ ದೂರಕ್ಕೆ ಪಂಚಾಂಗದಲ್ಲಿ ಒಂದು ಗಳಿಗೆಯಿದೆ,
ಗ್ರೀನಿಚ್ಚಿನದು.
ಎರಡು ಸ್ಲೇಟು ತುಂಬಿಸಿ ಆಕೆಯ ಮುಂದಿಟ್ಟೆ ನನ್ನ ರೇಖಾಂಶ:
ಪಶ್ಚಿಮ ನಲವತ್ತಮೂರು.

ಫ್ಲೆಟ್ ಬಿದ್ದು ಬಿದ್ದು ನಕ್ಕ.
ಅಡುಗೆಮನೆ, ಒಲೆ, ಬೆಕ್ಕು, ನಾವು ಮೂವರು, ಎಲ್ಲ ಸಮೇತ
ಗ್ರೀನ್‌ಲ್ಯಾಂಡಿನ ಕೊನೆಯ ಭೂಶಿರದಾಚೆ, ಮಂಜುಗಡ್ಡೆಗಳ ನಡುವೆ.
ಆಕೆ ನಗಲಿಲ್ಲ. ಅಂಕೆಯ ಮೇಲೆ ಬೆರಳಿಟ್ಟು
ಸ್ವಲ್ಪ ಹೊತ್ತು ಹಾಗೇ ಇದ್ದಳು.
(ಅವಳ ಗಂಡನ ಹಡಗನ್ನು ಕೊನೆಗೆ ಕಂಡವರು
ಅಲ್ಲೇ ಕಂಡದ್ದಂತೆ. ಹೆಡಲ್ ಹೇಳಿದ ನನಗೆ,
ಎಷ್ಟೋ ದಿನ ಕಳೆದ ಮೇಲೆ, ಬೇರೇನೋ ಮಾತಿನ ನಡುವೆ.)
"ಕೂಡುವಲ್ಲಿ ಕಳೆದಿದ್ದೀಯ," ಎಂದಳು. "ಇನ್ನೊಮ್ಮೆ ಮಾಡು."
ತೋಳಿನಿಂದ ಸ್ಲೇಟು ಒರೆಸಿದಳು,
ಆ ಅಂಕೆಯನ್ನು ಮಾತ್ರ ಕೊನೆಗೆ.

ಮಾಡಿದೆ. ಬೆಳಗಿನ ಜಾವಕ್ಕೆ ಸಿಕ್ಕ ಉತ್ತರ
ಮನೆಯಿಂದ ಎಂಟು ಮೈಲಿ ಪೂರ್ವಕ್ಕೆ,
ಯಾರದೋ ಬಾರ್ಲಿ ಹೊಲದ ಕೂಳೆಯಲ್ಲಿ.
ಬೈಗುಳಕ್ಕೆ ಕಾದು ತಲೆ ತಗ್ಗಿಸಿದ್ದೆ.

"ಎಂಟೇ ತಾನೇ," ಗಂಜಿಗೆ ಉಪ್ಪು ಹಾಕುತ್ತ ಅಂದಳು,
"ನಡೆದು ಬಾ.
ಇದು ಆರುವುದರೊಳಗೆ ಮುಟ್ಟುತ್ತೀಯ."