ಹತ್ತು ವರ್ಷದ ಗಿರಾಕಿ

ನೂರ ಹನ್ನೆರಡನೇ ಸಂಚಿಕೆಯಲ್ಲಿ ಉಕ್ಕುಗರಿ ಸತ್ತ.
ಕೊನೆಯ ಪುಟ ಪೂರ್ತಿ ಕಪ್ಪು, ನಡುವೆ ಒಂದೇ ಒಂದು ಗರಿ.
ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಪೋಕರ್ ಕಾಕನ ಬಾಡಿಗೆ ಪುಸ್ತಕದ ಅಂಗಡಿ:
ಅಲ್ಲೇ ಕೂತು ಓದಿದರೆ ನಾಲ್ಕಾಣೆ, ಒಯ್ದರೆ ಎಂಟಾಣೆ.
ನಾನು ಎಂಟಾಣೆ ಕೊಟ್ಟು
ಅವನ ಹೆಣ ಮನೆಗೆ ಒಯ್ದೆ.

ಆ ರಾತ್ರಿ ಕಡಂಬಿಟ್ಟು ಗಂಟಲಿಗಿಳಿಯಲಿಲ್ಲ.
ಯಾರು ಸತ್ತದ್ದು? ಅಂದಳು ಅವ್ವ, ತಮಾಷೆಗೆ.
ಹೇಳಲಿಲ್ಲ. ಅವಳಿಗೆ ಅವನ ಪರಿಚಯವಿರಲಿಲ್ಲ.
ತಿಂಗಳು ಪೂರ್ತಿ ಜಡೆಗೆ ಕಪ್ಪು ರಿಬ್ಬನ್,
ಕೆಂಪು ಕಟ್ಟಿಕೊಂಡು ಬಾ ಎಂದು ಟೀಚರ ಬೈಗುಳ.

ನೂರ ಹದಿಮೂರು ಬಂತು.
ಎರಡನೇ ಪುಟದಲ್ಲೇ ಕೆಮ್ಮುತ್ತಾ ಎದ್ದು ಕೂತಿದ್ದ!
ಸತ್ತದ್ದು ಅವನ ಪಡಿಯಚ್ಚಂತೆ,
ವೈರಿ ಗಾಜಿನ ಪೆಟ್ಟಿಗೆಯಲ್ಲಿ ಬೆಳೆಸಿದ್ದಂತೆ.
ನನ್ನ ರಿಬ್ಬನ್ನಿನ ಲೆಕ್ಕ ಯಾರು ಕೊಡಬೇಕು?

ಕಾಕನ ಮೇಜಿಗೆ ಪುಸ್ತಕ ಕುಕ್ಕಿದೆ: ಎಂಟಾಣೆ ವಾಪಸು ಕೊಡಿ.
ಅವರು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು.
ಮೋಳೆ, ನನ್ನ ಗಿರಾಕಿಗೆ ಹತ್ತು ವರ್ಷ.
ಮೂವತ್ತು ವರ್ಷದಿಂದಲೂ ಹತ್ತೇ.
ಹನ್ನೆರಡಾದರೆ ನೀನು ಈ ಕಡೆ ಸುಳಿಯುವುದಿಲ್ಲ,
ಇನ್ನೊಬ್ಬ ಬರುತ್ತಾನೆ,
ಮುಷ್ಟಿಯಲ್ಲಿ ಬಿಸಿಯಾದ ನಾಣ್ಯ ಹಿಡಿದುಕೊಂಡು.
ನೀನು ಅತ್ತಾಯಿತು ಅಂತ
ಅವನಿಗೆ ಬರೀ ಗೋರಿ ತೋರಿಸಲಾ?

ವ್ಯಾಪಾರದ ಮಾತು ಅನ್ನಿಸಿತ್ತು.
ವ್ಯಾಪಾರದ್ದೇ, ಈಗಲೂ ಅನ್ನುತ್ತೇನೆ.
ಹನ್ನೆರಡಾಯಿತು, ಹೋಗುವುದು ಬಿಟ್ಟೆ.
ಮುಂದೊಂದು ದಿನ ಕಾಕ ತೀರಿಕೊಂಡರು.
ಎರಡನೇ ಪುಟದಲ್ಲಿ ಏಳಲಿಲ್ಲ.

ಈಗ ತಾಲೂಕು ಕಚೇರಿಯಲ್ಲಿ ನಕ್ಷೆ ಬರೆಯುವುದು ನನ್ನ ಕೆಲಸ.
ಜಮ್ಮಾ ಬಾಣೆಯ ಕಡತ ಬಿಚ್ಚಿದರೆ
ಪಟ್ಟೇದಾರ ಉತ್ತಯ್ಯ, ಸತ್ತು ಅರವತ್ತೆರಡು ವರ್ಷ,
ದಾಖಲೆಯಲ್ಲಿ ಗಟ್ಟಿಮುಟ್ಟಾಗಿದ್ದಾನೆ.
ನೋಟಿಸು ಅವನ ಹೆಸರಿಗೇ ಹೋಗುತ್ತದೆ,
ಅಂಚೆಯವ ಯಾರ ಕೈಗೋ ಕೊಟ್ಟು ಬರುತ್ತಾನೆ.
ಹೆಸರು ತೆಗೆಯಲು ಒಕ್ಕದವರೆಲ್ಲ ಒಪ್ಪಬೇಕು:
ಒಬ್ಬಳು ಮಸ್ಕತ್ತಿನಲ್ಲಿ, ಇಬ್ಬರಿಗೆ ಮಾತಿಲ್ಲ,
ಒಂದು ಕೂಸು ಮೊನ್ನೆ ತಾನೇ ಹುಟ್ಟಿದೆ,
ಅದರ ಹೆಬ್ಬೆಟ್ಟು ಇನ್ನೂ ಬಾಯಲ್ಲಿದೆ.
ಅಲ್ಲಿಯವರೆಗೆ ಅಜ್ಜ ಸಾಯುವಂತಿಲ್ಲ.
ಫೈಲು ಮುಚ್ಚುವಾಗ ಕೆಲವೊಮ್ಮೆ ನಗು ಬರುತ್ತದೆ,
ಯಾರೋ ಪಕ್ಕದಲ್ಲಿ ಬೀಡಿ ಆರಿಸಿದ ವಾಸನೆ.

ಗುಡ್ಡ ಜಾರಿದ ವರ್ಷ ಸರಪಳಿ ಹಿಡಿದು ಹೋದೆವು.
ಹಳೆಯ ನಕ್ಷೆಯಲ್ಲಿ ಕಾಫಿ, ಕಾಲುದಾರಿ, ಬಾವಿ,
ಗಡಿಗೆ ಗುರುತು ಒಂದು ನೇರಳೆ ಮರ.
ಎದುರಿಗೆ ಹಸಿ ಕೆಂಪು ಮಣ್ಣು,
ಅದರಿಂದ ಹೊರಚಾಚಿದ ತಗಡಿನ ಮೂಲೆ.
ಸರ್ವೆ ನಂಬರು ಮಾತ್ರ ಇದ್ದ ಹಾಗೇ ಇತ್ತು,
ಅದರ ಕೆಳಗೆ ನೆಲವಿರಲಿಲ್ಲ.

ಹಲಗೆಯ ಮೇಲೆ ಹಾಳೆ ಹರಡಿದೆ.
ಪರಿಹಾರ ಕೇಂದ್ರದ ದೊಗಳೆ ಅಂಗಿ ತೊಟ್ಟ ಹುಡುಗ
ಬಂದು ಪಕ್ಕದಲ್ಲಿ ನಿಂತ.
ನಮ್ಮ ಬಾವಿ ಎಲ್ಲಿ ಬರೀತೀರಿ?
ಇದ್ದದ್ದು ಬರೆಯಬೇಕು ಕಣೋ, ಎಂದೆ.
ಇತ್ತಲ್ಲ, ಎಂದ.

ಎಷ್ಟು ವರ್ಷ ನಿನಗೆ ಅಂತ ಕೇಳಲಿಲ್ಲ.

ನಿಯಮದ ಪ್ರಕಾರ ಶಾಯಿಯಲ್ಲಿ ಆ ಜಾಗ ಖಾಲಿ.
ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿದೆ,
ಮೇಲಿನವರಿಗೆ ಕಾಣದಷ್ಟು ತೆಳುವಾಗಿ.
ಅವನು ಮೂಗು ತಾಗುವಷ್ಟು ಬಗ್ಗಿ ನೋಡಿದ.

ಇನ್ನೂ ಸ್ವಲ್ಪ ಎಡಕ್ಕೆ, ಎಂದ.